ಆರ್‌ಸಿಂಕೋ, ಗಿಟ್ಟೋ?

ಕೇಳುಗರೆ, ನಮಸ್ಕಾರ.

ಒಂದೇ ಸಾಫ್ಟ್‌ವೇರಿನ ಸೋರ್ಸ್ ಕೋಡ್ ಎರಡು ಕಂಪ್ಯೂಟರುಗಳಲ್ಲಿದೆ. ಇಲ್ಲಿ ತಿದ್ದಿದ್ದು ಅಲ್ಲಿಗೂ ತಲುಪಬೇಕು. ಇದಕ್ಕೆ ಅನೇಕರು ಮೊದಲು ಹಿಡಿಯುವುದು ಆರ್‌ಸಿಂಕನ್ನು. 1996ರಲ್ಲಿ ಬಂದ ಈ ಸಾಧನ ಪ್ರತಿ ಫೈಲಿನ ಗಾತ್ರವನ್ನೂ ಕೊನೆಯ ಸಲ ತಿದ್ದಿದ ಸಮಯವನ್ನೂ ಹೋಲಿಸಿ ನೋಡುತ್ತದೆ, ವ್ಯತ್ಯಾಸ ಕಂಡದ್ದನ್ನು ಮಾತ್ರ ಕಳಿಸುತ್ತದೆ. ಇಲ್ಲಿ ಅಳಿಸಿದ ಫೈಲು ಅಲ್ಲಿಯೂ ಹೋಗಬೇಕಾದರೆ ಡಿಲೀಟ್ ಆಯ್ಕೆ ಕೊಡಬೇಕು. ಎಚ್ಚರ ಬೇಕಾದದ್ದು ಇಲ್ಲೇ: ತಪ್ಪಿ ಖಾಲಿ ಫೋಲ್ಡರನ್ನು ಮೂಲವೆಂದು ತೋರಿಸಿದರೆ ಆಚೆಯದೆಲ್ಲ ಅಳಿದುಹೋಗುತ್ತದೆ. ಆದ್ದರಿಂದ ಮೊದಲು ಡ್ರೈ ರನ್, ಅಂದರೆ ನಿಜವಾಗಿ ಏನನ್ನೂ ಬದಲಿಸದ ಪರೀಕ್ಷೆಯ ಓಟ, ಕೊಟ್ಟು, ಏನೇನು ಅಳಿಯಲಿದೆ ಎಂಬ ಪಟ್ಟಿಯನ್ನು ಓದಿ. ಮೂಲ ಫೋಲ್ಡರಿನ ಹೆಸರಿನ ಕೊನೆಯ ಓರೆಗೆರೆಯನ್ನೂ ನೋಡಿಕೊಳ್ಳಿ. ಅದಿದ್ದರೆ ಒಳಗಿನ ಫೈಲುಗಳು ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಅಲ್ಲಿನ ಫೋಲ್ಡರಿನೊಳಗೆ ಕೂರುತ್ತದೆ.

ಎರಡೂ ಕಡೆ ತಿದ್ದುವವರಿದ್ದರೆ ಆರ್‌ಸಿಂಕ್ ಸಾಲದು. ಕಳಿಸಿದವರ ಫೈಲು ಇನ್ನೊಬ್ಬರ ಕೆಲಸದ ಮೇಲೆ ಕೂರುತ್ತದೆ, ಒಂದು ಮಾತೂ ಹೇಳುವುದಿಲ್ಲ. ತಿದ್ದುಪಡಿಗಳ ಇತಿಹಾಸವನ್ನೇ ಇಟ್ಟುಕೊಳ್ಳುವ, 2005ರಲ್ಲಿ ಹುಟ್ಟಿದ ಗಿಟ್ ಹಾಗೆ ಮಾಡದು. ಆಚೆ ನಿಮಗೆ ಗೊತ್ತಿಲ್ಲದ ಕಮಿಟ್, ಅಂದರೆ ದಾಖಲಿಸಿಟ್ಟ ತಿದ್ದುಪಡಿ, ಇದ್ದರೆ ನಿಮ್ಮ ಪುಶ್ ಅನ್ನು, ಅಂದರೆ ನೀವು ಕಳಿಸುವುದನ್ನು, ನಿರಾಕರಿಸುತ್ತದೆ. ಅದನ್ನು ಫೆಚ್ ಮಾಡಿ, ಅಂದರೆ ತರಿಸಿಕೊಂಡು, ಮರ್ಜ್ ಮಾಡಿ, ಅಂದರೆ ನಿಮ್ಮದರ ಜೊತೆ ಬೆರೆಸಿ, ಆಮೇಲೆ ಕಳಿಸಬೇಕು. ಫೋರ್ಸ್ ಆಯ್ಕೆ ಕೊಟ್ಟರೆ ಮಾತ್ರ ಈ ಕಾವಲು ತಪ್ಪುತ್ತದೆ.

ಇವೆರಡನ್ನೂ ಬೆರೆಸುವುದರಲ್ಲಿ ದೊಡ್ಡ ಅಪಾಯವಿದೆ. ಗಿಟ್ ತನ್ನ ಇತಿಹಾಸವನ್ನೆಲ್ಲ ಇಡುವ ಡಾಟ್ ಗಿಟ್ ಫೋಲ್ಡರನ್ನು ಆರ್‌ಸಿಂಕಿಗೋ ಕ್ಲೌಡ್ ಫೋಲ್ಡರಿಗೋ ಒಪ್ಪಿಸಬೇಡಿ. ಅದರೊಳಗಿನ ಆಬ್ಜೆಕ್ಟುಗಳು, ಅಂದರೆ ಕಮಿಟ್ ಮತ್ತು ಫೈಲುಗಳ ದಾಖಲೆಗಳು, ನಕಲಾದ ಮೇಲೆ, ಬ್ರಾಂಚಿನ, ಅಂದರೆ ಕೆಲಸದ ಒಂದು ಕವಲಿನ, ತುದಿಯನ್ನು ಹೇಳುವ ರೆಫ್ ಫೈಲು ನಕಲಾಗುವ ಮುಂಚೆ ಯಾರೋ ಕಮಿಟ್ ಮಾಡಿದರೆಂದುಕೊಳ್ಳಿ. ಆಗ ರೆಫ್ ಹೊಸ ಕಮಿಟನ್ನು ತೋರಿಸುತ್ತದೆ, ಕಮಿಟ್ ಮಾತ್ರ ನಕಲಿನಲ್ಲಿ ಇರುವುದಿಲ್ಲ. ಒಡೆದ ಈ ನಕಲು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯಬಹುದು. ಗಿಟ್ ಎಫ್‌ಎಸ್‌ಸಿಕೆ ಎಂಬ ತಪಾಸಣೆಯ ಆದೇಶ ಓಡಿಸಿದರೆ ಪತ್ತೆಯಾಗುತ್ತದೆ.

ಸರಿಯಾದ ದಾರಿ ಸುಲಭ. ಒಮ್ಮೆ ಮಿರರ್ ಆಯ್ಕೆಯೊಂದಿಗೆ ಕ್ಲೋನ್ ಮಾಡಿ, ಅಂದರೆ ಎಲ್ಲ ಬ್ರಾಂಚುಗಳ ಸಮೇತ ಗಿಟ್ಟಿನಿಂದಲೇ ನಕಲು ತೆಗೆಯಿರಿ, ಆಮೇಲೆ ನಿಗದಿತ ಹೊತ್ತಿಗೆ ಗಿಟ್ ರಿಮೋಟ್ ಅಪ್‌ಡೇಟ್ ಓಡಿಸಿ. ಇಲ್ಲದ ಆಬ್ಜೆಕ್ಟುಗಳಷ್ಟೇ ಬರುತ್ತವೆ. ಪ್ರೂನ್ ಆಯ್ಕೆಯನ್ನೂ ಸೇರಿಸಿದರೆ ಮೂಲದಲ್ಲಿ ಅಳಿಸಿದ ಬ್ರಾಂಚ್ ಇಲ್ಲಿಯೂ ಅಳಿಯುತ್ತದೆ, ಆದ್ದರಿಂದ ಮಿರರನ್ನೇ ಬ್ಯಾಕಪ್ ಎಂದು ನಂಬಬೇಡಿ. ಕಮಿಟ್ ಮಾಡದ ತಿದ್ದುಪಡಿಗಳು ಮಿರರಿಗೆ ಬರುವುದೇ ಇಲ್ಲ. ಅವಕ್ಕೆ ಡಾಟ್ ಗಿಟ್ ಬಿಟ್ಟು ಉಳಿದ ಫೋಲ್ಡರಿನ ಮೇಲೆ ಆರ್‌ಸಿಂಕ್ ಸಾಕು.

ನೆಟ್‌ವರ್ಕ್ ಇಲ್ಲದ ಯಂತ್ರಕ್ಕೆ ಗಿಟ್ ಬಂಡಲ್ ಇದೆ. ಇಡೀ ಇತಿಹಾಸವನ್ನು ಒಂದೇ ಫೈಲಿಗೆ ಕಟ್ಟಿ ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಅಲ್ಲಿ ಬಂಡಲ್ ವೆರಿಫೈ ಓಡಿಸಿ, ಸರಿಯಿದ್ದರೆ ಅದರಿಂದಲೇ ಫೆಚ್ ಮಾಡಿಕೊಳ್ಳಿ.