ಬೇರಿಯಂ ಸಲ್ಫೇಟ್ ನೀರಿನಲ್ಲಿ ಏಕೆ ಕರಗುವುದಿಲ್ಲ?

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡುತ್ತಿರುವುದು ಧಾರವಾಡದಲ್ಲಿ ನಾನು ಪಾಠ ಮಾಡುವ ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯ. ಪ್ರನಾಳದಲ್ಲಿರುವ ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ದ್ರಾವಣ ಬಿದ್ದೊಡನೆ ಬೇರಿಯಂ ಸಲ್ಫೇಟಿನ ಬಿಳಿ ಪ್ರಕ್ಷೇಪ (ಕರಗದೆ ಬೇರ್ಪಡುವ ಪುಡಿ) ಮೂಡುವುದನ್ನು ನಮ್ಮ ಮಕ್ಕಳು ಹತ್ತನೇ ತರಗತಿಯಲ್ಲಿಯೇ ಓದಿರುತ್ತಾರೆ. ಅಯಾನಿಕ ಸಂಯುಕ್ತಗಳು, ಅಂದರೆ ವಿರುದ್ಧ ಆವೇಶದ ಕಣಗಳಿಂದ (ಅಯಾನುಗಳಿಂದ) ಆದವು, ಸಾಮಾನ್ಯವಾಗಿ ನೀರಿನಲ್ಲಿ ಕರಗುತ್ತವೆ ಎಂಬುದನ್ನೂ ಅವರು ಓದಿರುತ್ತಾರೆ. “ಹಂಗಾದ್ರ ಇದು ಅಯಾನಿಕ ಅಲ್ಲೇನ್ರಿ ಸರ್?” ಎಂದು ಕಲಘಟಗಿ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಗೆ ಇಂದು ವಿವರವಾಗಿ ಉತ್ತರಿಸುತ್ತೇನೆ.

ಇದು ಅಯಾನಿಕ ಸಂಯುಕ್ತವೇ. ಸಲ್ಫೇಟಿನೊಳಗೆ ಗಂಧಕ ಮತ್ತು ನಾಲ್ಕು ಆಕ್ಸಿಜನ್ ಪರಮಾಣುಗಳ ನಡುವೆ ಸಹವೇಲೆನ್ಸೀಯ (ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಆಗುವ) ಬಂಧಗಳಿವೆ, ನೀರು ಅವುಗಳನ್ನು ಮುಟ್ಟುವುದಿಲ್ಲ. ಆದರೆ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಬೇರಿಯಂ ಮತ್ತು ಆ ಸಲ್ಫೇಟನ್ನು ಹಿಡಿದಿಟ್ಟಿರುವುದು ವಿರುದ್ಧ ಆವೇಶಗಳ ಆಕರ್ಷಣೆ. ಹರಳಿನ ಈ ಹಿಡಿತವನ್ನು ಬಿಡಿಸಬೇಕಾದರೆ, ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿದಾಗ ಹೊರಬರುವ ಶಕ್ತಿ ಅದಕ್ಕೆ ಸರಿಗಟ್ಟಬೇಕು. ಹೋಲಿಕೆಗೆ ಮೆಗ್ನೀಷಿಯಂ ಸಲ್ಫೇಟನ್ನು ತೆಗೆದುಕೊಳ್ಳೋಣ. ಮೆಗ್ನೀಷಿಯಂ ಅಯಾನಿನ ತ್ರಿಜ್ಯ ಸುಮಾರು 72 ಪಿಕೋಮೀಟರ್, ಬೇರಿಯಂ ಅಯಾನಿನದು ಸುಮಾರು 135. ಚಿಕ್ಕ ಅಯಾನನ್ನು ನೀರು ಬಿಗಿಯಾಗಿ ಅಪ್ಪಿಕೊಳ್ಳುವುದರಿಂದ ಮೋಲ್ ಒಂದಕ್ಕೆ ಸುಮಾರು 1900 ಕಿಲೋಜೂಲ್ ಬಿಡುಗಡೆಯಾದರೆ, ಬೇರಿಯಮ್ಮಿಗೆ ದೊರೆಯುವುದು ಸುಮಾರು 1300 ಮಾತ್ರ. ಸಲ್ಫೇಟ್ ತಾನೇ ದೊಡ್ಡದಾದ್ದರಿಂದ ಹರಳಿನ ಹಿಡಿತ ಮಾತ್ರ ಅಷ್ಟು ಕಡಿಮೆಯಾಗುವುದಿಲ್ಲ. ಆದ್ದರಿಂದಲೇ ಮೆಗ್ನೀಷಿಯಂ ಸಲ್ಫೇಟ್ ಧಾರಾಳವಾಗಿ ಕರಗುತ್ತದೆ, ಬೇರಿಯಂ ಸಲ್ಫೇಟ್ ಲೀಟರಿಗೆ ಸುಮಾರು 2.5 ಮಿಲಿಗ್ರಾಂ ಅಷ್ಟೇ ಕರಗುತ್ತದೆ. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ನಲ್ಲಿ ನೀರು ತುಂಬಿಡುವ 200 ಲೀಟರಿನ ಬ್ಯಾರಲ್ಲಿನಲ್ಲಿ ಅರ್ಧ ಗ್ರಾಂ ಕರಗಿದರೆ ಹೆಚ್ಚು. ಹೈಡ್ರಾಕ್ಸೈಡ್‌ಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಕರಗುವುದು ಬೇರಿಯಮ್ಮಿನದೇ.

ಈ ವಿಷಯವನ್ನು ‘ಬಿಳಿ ಪ್ರಕ್ಷೇಪ’ ಎಂದು ಬರೆಸಿ ಕೈಬಿಡಬಾರದೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕರಗಿದ ಬೇರಿಯಂ ವಿಷ. ಅದು ಜೀವಕೋಶಗಳ ಪೊಟ್ಯಾಸಿಯಂ ಮಾರ್ಗಗಳನ್ನು ತಡೆದು ಸ್ನಾಯುಗಳನ್ನೂ ಹೃದಯವನ್ನೂ ಕೆಡಿಸುತ್ತದೆ. ಹಾಗಿದ್ದರೂ ಅನ್ನನಾಳ ಮತ್ತು ಜಠರದ ಎಕ್ಸ್‌-ರೇ ತೆಗೆಯುವ ಮುನ್ನ ರೋಗಿಗೆ ಬೇರಿಯಂ ಸಲ್ಫೇಟನ್ನು ನೀರಿನಲ್ಲಿ ಕದಡಿ ಕುಡಿಸುತ್ತಾರೆ. ಅದು ಕರಗದೆ ದೇಹದಿಂದ ಹೊರಟುಹೋಗುತ್ತದೆ. ಬೇರಿಯಂ ಕಾರ್ಬೊನೇಟ್ ಕೂಡ ನೀರಿನಲ್ಲಿ ಲೀಟರಿಗೆ ಸುಮಾರು 20 ಮಿಲಿಗ್ರಾಂ ಮಾತ್ರ ಕರಗುತ್ತದೆ, ಆದರೂ ಅದನ್ನು ಇಲಿ ಪಾಷಾಣವಾಗಿ ಬಳಸಿದ್ದುಂಟು. ಜಠರದ ಹೈಡ್ರೋಕ್ಲೋರಿಕ್ ಆಮ್ಲವು ಕಾರ್ಬೊನೇಟನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಹಾಕಿ, ಬೇರಿಯಮ್ಮನ್ನು ಕರಗುವ ಕ್ಲೋರೈಡ್ ಮಾಡುತ್ತದೆ. ಸಲ್ಫೇಟ್ ಪ್ರಬಲ ಆಮ್ಲದಿಂದ ಬಂದದ್ದಾದ್ದರಿಂದ ಆ ಆಮ್ಲಕ್ಕೆ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ನೀರಿನಲ್ಲಿ ಕರಗದ ವಸ್ತುವೆಲ್ಲ ಹೊಟ್ಟೆಗೆ ನಿರಪಾಯವೆಂದು ತಿಳಿಯುವುದು ಎಷ್ಟು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೇರಿಯಂ ವಿಷ ಸೇವಿಸಿದವರಿಗೆ ವೈದ್ಯರು ಸೋಡಿಯಂ ಅಥವಾ ಮೆಗ್ನೀಷಿಯಂ ಸಲ್ಫೇಟನ್ನು ಕುಡಿಸುವುದೂ, ನಮ್ಮ ವಿದ್ಯಾರ್ಥಿಗಳು ಉಳಿದ ಬೇರಿಯಂ ಕ್ಲೋರೈಡ್ ದ್ರಾವಣಕ್ಕೆ ಮೊದಲು ಸೋಡಿಯಂ ಸಲ್ಫೇಟ್ ಬೆರೆಸಿ, ತಳಕ್ಕಿಳಿದ ಪ್ರಕ್ಷೇಪವನ್ನು ಸೋಸಿ ಬೇರೆಯಾಗಿ ಸಂಗ್ರಹಿಸುವುದೂ ಕರಗಿದ ಬೇರಿಯಂ ಸಲ್ಫೇಟಿನೊಡನೆ ಸೇರಿ ಕರಗದ ಬೇರಿಯಂ ಸಲ್ಫೇಟ್ ಆಗುವ ಈ ಒಂದೇ ಕ್ರಿಯೆಯನ್ನು ಅವಲಂಬಿಸಿವೆ.