ಖಾಲಿ ಲೇನ್ ಏನು ಹೇಳುತ್ತೆ? ಸ್ಟೆಮ್ ಸೆಲ್‌ನಲ್ಲಿ ಟೆಲೋಮರೇಸ್ ಅಳೆಯೋ ಬಗೆ

[ತೆರೆಯಲ್ಲಿ: ಜೆಲ್‌ನ ಫೋಟೋ. ಒಂದು ಲೇನ್ ಪೂರ್ತಿ ಖಾಲಿ.]

ನಮಸ್ಕಾರ. ಶಿವಮೊಗ್ಗದ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ ಕಳಿಸಿದ ಪ್ರಶ್ನೆ ಇದು. ಹೊಕ್ಕುಳಬಳ್ಳಿಯಿಂದ ಬೆಳೆಸಿದ ಮೆಸೆಂಕೈಮಲ್ ಸ್ಟೆಮ್ ಸೆಲ್‌ಗಳಲ್ಲಿ (ಮೂಳೆ, ಕೊಬ್ಬು ಥರದ ಕೋಶಗಳಾಗಬಲ್ಲ ಮೂಲಕೋಶಗಳು) ಟ್ರ್ಯಾಪ್ ಪರೀಕ್ಷೆ, ಅಂದ್ರೆ ಟೆಲೋಮರೇಸ್ ಅನ್ನೋ ಎಂಜೈಮಿನ ಕೆಲಸ ಅಳೆಯೋ ಪರೀಕ್ಷೆ, ಮಾಡಿದ್ದಾರೆ. ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸೋ ಜೆಲ್‌ನಲ್ಲಿ ಅವರ ಸ್ಯಾಂಪಲ್ಲಿನ ಸಾಲಿನಲ್ಲಿ, ಅಂದ್ರೆ ಲೇನಿನಲ್ಲಿ, ಏನೂ ಬಂದಿಲ್ಲ. "ಸರ್, ಎಂಜೈಮೇ ಇಲ್ವಾ, ಇಲ್ಲಾ ನನ್ನ ಪ್ರಯೋಗ ಕೆಟ್ಟಿತಾ?" ಈ ಪರೀಕ್ಷೆ ಬಗ್ಗೆ ಕೇಳಬೇಕಾದ ಮೊದಲನೇ ಪ್ರಶ್ನೆಯೇ ಇದು. ಎಷ್ಟೋ ಜನ ಇದನ್ನು ಕೇಳಿಕೊಳ್ಳದೆ "ಟೆಲೋಮರೇಸ್ ಇಲ್ಲ" ಅಂತ ಬರೆದು ಮುಂದೆ ಹೋಗಿಬಿಡ್ತಾರೆ.

ಮೂಲ ವಿಷಯ ಬೇಗ ಮುಗಿಸೋಣ. ನಮ್ಮ ಕ್ರೋಮೋಸೋಮಿನ ತುದಿಯಲ್ಲಿ ಟಿಟಿಎಜಿಜಿಜಿ ಅನ್ನೋ ಆರು ಅಕ್ಷರ ಸಾಲಾಗಿ ಸಾವಿರಕ್ಕೂ ಹೆಚ್ಚು ಸಲ ಬರುತ್ತೆ. ಅದೇ ಟೆಲೋಮಿಯರ್. ಕೋಶ ಎರಡಾದಾಗಲೆಲ್ಲ ಅದು ಸ್ವಲ್ಪ ಸವೆಯುತ್ತೆ. ಸವೆದದ್ದನ್ನು ಮತ್ತೆ ಕಟ್ಟೋದು ಟೆಲೋಮರೇಸ್: ಟರ್ಟ್ ಅನ್ನೋ ಪ್ರೋಟೀನು, ಅದರ ಜೊತೆಗೆ ಅಚ್ಚಿನ ಕೆಲಸ ಮಾಡೋ ಒಂದು ಆರ್‌ಎನ್‌ಎ. 1984ರ ಕ್ರಿಸ್‌ಮಸ್ ದಿನ ಇದರ ಕೆಲಸದ ಗುರುತನ್ನು ಮೊದಲು ಕಂಡವರು ಕ್ಯಾರಲ್ ಗ್ರೈಡರ್, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಲ್ಯಾಬಿನಲ್ಲಿ, ಟೆಟ್ರಾಹೈಮೆನಾ ಅನ್ನೋ ಏಕಕೋಶ ಜೀವಿಯಲ್ಲಿ. 2009ರಲ್ಲಿ ಜಾಕ್ ಶೋಸ್ಟಾಕ್ ಜೊತೆ ಇಬ್ಬರಿಗೂ ನೊಬೆಲ್ ಬಂತು.

ಅಳೆಯೋದರಲ್ಲಿ ಕಷ್ಟ ಏನಪ್ಪಾ ಅಂದ್ರೆ, ಈ ಎಂಜೈಮ್ ಹೆಚ್ಚಾಗಿರೋ ಕ್ಯಾನ್ಸರ್ ಕೋಶದಲ್ಲೂ ಇರೋದು ಕೆಲವೇ ನೂರು ಅಣು. ಹಾಗಾಗಿ 1994ರಲ್ಲಿ ನಾಮ್ ಕಿಮ್ ಮತ್ತು ಸಂಗಡಿಗರು ಒಂದು ಜಾಣತನ ಮಾಡಿದರು. ಎಂಜೈಮನ್ನು ಎಣಿಸೋಕೆ ಹೋಗದೆ ಅದಕ್ಕೆ ಕೆಲಸ ಕೊಟ್ಟರು. ಟಿಎಸ್ ಅನ್ನೋ 18 ಅಕ್ಷರದ ಡಿಎನ್‌ಎ ತುಂಡನ್ನು (ಇಂಥ ಶುರುವಿನ ತುಂಡಿಗೆ ಪ್ರೈಮರ್ ಅಂತಾರೆ) ಕೋಶದ ರಸಕ್ಕೆ ಹಾಕಬೇಕು. ಟೆಲೋಮರೇಸ್ ಇದ್ದರೆ ಅದರ ತುದಿಗೆ ಆರಾರು ಅಕ್ಷರ ಜೋಡಿಸುತ್ತೆ. ಜೋಡಿಸಿದ್ದನ್ನು ಪಿಸಿಆರ್‌ನಲ್ಲಿ (ಡಿಎನ್‌ಎಯ ಪ್ರತಿಗಳನ್ನು ಮಾಡೋ ವಿಧಾನ) ಹೆಚ್ಚಿಸಿ ಜೆಲ್‌ನಲ್ಲಿ ಓಡಿಸಿದರೆ ಏಣಿಯಂಥ ಬ್ಯಾಂಡುಗಳು: 50, 56, 62, 68 ಅಕ್ಷರ ಉದ್ದ, ಹೀಗೆ ಮೇಲಕ್ಕೆ.

[ತೆರೆಯಲ್ಲಿ: ತೋಟದ ಇಳಿಜಾರಿನಲ್ಲಿ ಪಿವಿಸಿ ಪೈಪ್ ಸಾಲು.]

ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ತುಂಬಾ ಇಷ್ಟದ ಜಾಗ. ಹೊಳೆಯಿಂದ ಅಡಿಕೆ ತೋಟಕ್ಕೆ ಪೈಪ್ ಎಳೆಯೋದನ್ನು ನೆನೆಸಿಕೊಳ್ಳಿ. ಅಂಗಡಿಯಲ್ಲಿ ಸಿಗೋದು 20 ಅಡಿ ಪೈಪು. ಕತ್ತರಿಸದೆ ಜೋಡಿಸುತ್ತಾ ಹೋದರೆ ಲೈನಿನ ಉದ್ದ 20, 40, 60 ಆಗಬಹುದು, 47 ಆಗೋಕೆ ಸಾಧ್ಯವೇ ಇಲ್ಲ. ಒಬ್ಬ ಆಳು ಎರಡು ಜೋಡಿಸಿ ಬಿಟ್ಟಿರಬಹುದು, ಇನ್ನೊಬ್ಬ ಹತ್ತು. ಆದರೆ ಯಾರ ಲೈನು ಅಳೆದರೂ 20ರ ಲೆಕ್ಕ ತಪ್ಪಲ್ಲ. ಟೆಲೋಮರೇಸಿನ ಗುರುತೂ ಇದೇ. ಆರರ ಅಂತರದಲ್ಲಿ ಬಂದ ಏಣಿ ಅದರ ಕೈಬರಹ ಇದ್ದ ಹಾಗೆ. ಲೆಕ್ಕಕ್ಕೆ ಕೂರದ ಒಂಟಿ ಬ್ಯಾಂಡ್ ಕಂಡರೆ ಅದು ಬೇರೆ ಯಾವುದರದ್ದೋ. ಒಂದು ಎಚ್ಚರಿಕೆ ಮಾತ್ರ: ಏಣಿ ಎಷ್ಟು ಎತ್ತರ ಹೋಗಿದೆ ಅಂತ ನೋಡಿ ಎಂಜೈಮ್ ಅಷ್ಟು ಸಲ ಜೋಡಿಸಿತು ಅನ್ನಬೇಡಿ. ಪಿಸಿಆರ್‌ನಲ್ಲಿ ಇನ್ನೊಂದು ತುದಿಯಿಂದ ಶುರುವಾಗೋ ರಿವರ್ಸ್ ಪ್ರೈಮರ್ ಪುನರಾವರ್ತನೆಯ ನಡುವೆ ಎಲ್ಲಿ ಬೇಕಾದರೂ ಕೂತು ಉದ್ದವನ್ನು ಬದಲಿಸಬಹುದು.

ಈಗ ಬೆಂಚಿಗೆ ಬರೋಣ. 10 ಲಕ್ಷ ಕೋಶ ಎಣಿಸಿ, ಪಿಬಿಎಸ್ ಅನ್ನೋ ಉಪ್ಪಿನ ದ್ರಾವಣದಲ್ಲಿ ಎರಡು ಸಲ ತೊಳೆಯಿರಿ. ಕೋಶ ಒಡೆಯೋಕೆ 200 ಮೈಕ್ರೋಲೀಟರ್ ಚಾಪ್ಸ್ ಲೈಸಿಸ್ ಬಫರ್ ಹಾಕಿ: ಚಾಪ್ಸ್ ಅನ್ನೋ ಡಿಟರ್ಜೆಂಟ್ ಶೇಕಡಾ 0.5, ಗ್ಲಿಸರಾಲ್ ಶೇಕಡಾ 10. ಐಸ್ ಮೇಲೆ 30 ನಿಮಿಷ ಇಟ್ಟು, 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 20 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ತಿಳಿಯಷ್ಟೇ ಬೇಕು, ಅದೇ ಲೈಸೇಟ್. ಅಚ್ಚಿನ ಕೆಲಸ ಮಾಡೋದು ಆರ್‌ಎನ್‌ಎ ಅಲ್ವಾ, ಕೈಯಲ್ಲಿರೋ, ಆರ್‌ಎನ್‌ಎ ಕತ್ತರಿಸೋ ಆರ್‌ಎನ್‌ಏಸ್ ತಾಗಿದರೂ ಟೆಲೋಮರೇಸ್ ಸತ್ತಂತೆ. ಗ್ಲೌಸ್ ಬದಲಿಸ್ತಾ ಇರಿ, ಫಿಲ್ಟರ್ ಟಿಪ್ ಬಳಸಿ.

ಲೆಕ್ಕ ನೋಡಿ: ಈ ಲೈಸೇಟಿನ 1 ಮೈಕ್ರೋಲೀಟರಿನಲ್ಲಿ 5,000 ಕೋಶದ ರಸ ಇದೆ. ಹತ್ತು ಪಟ್ಟು ತೆಳು ಮಾಡಿ 2 ಮೈಕ್ರೋಲೀಟರ್ ಹಾಕಿದರೆ 1,000 ಕೋಶ. 30 ಡಿಗ್ರಿಯಲ್ಲಿ 30 ನಿಮಿಷ ಟೆಲೋಮರೇಸ್ ಕೆಲಸ ಮಾಡ್ಲಿ. ಆಮೇಲೆ 94 ಡಿಗ್ರಿಗೆ ಏರಿಸಿ ಅದನ್ನು ನಿಲ್ಲಿಸಿ, 30ರ ಆಸುಪಾಸು ಪಿಸಿಆರ್ ಸುತ್ತು. ಪಿಸಿಆರ್ ನಡೆಸೋ ಎಂಜೈಮ್ ಟ್ಯಾಕ್, ಅದು ಬಿಸಿಯಾದ ಮೇಲಷ್ಟೇ ಕೆಲಸ ಶುರು ಮಾಡೋ ಹಾಟ್ ಸ್ಟಾರ್ಟ್ ಬಗೆಯದ್ದಿರಲಿ, ಇಲ್ಲದಿದ್ದರೆ ಪ್ರೈಮರುಗಳೇ ಒಂದಕ್ಕೊಂದು ಅಂಟಿ ಸುಳ್ಳು ಏಣಿ ಬರುತ್ತೆ. ಕೊನೆಗೆ ಅಕ್ರಿಲಮೈಡ್ ಜೆಲ್.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಪಿಸಿಆರ್ ಯಂತ್ರ, ಅಂದ್ರೆ ಥರ್ಮಲ್ ಸೈಕ್ಲರ್, ಯುಪಿಎಸ್ ಮೇಲಿರಬೇಕು. ಲೈಸೇಟನ್ನು ಒಂದೊಂದು ಬಳಕೆಗೆ ಆಗೋಷ್ಟು ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 80ರಲ್ಲಿಡಿ, ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಷ್ಟೂ ಎಂಜೈಮ್ ಕುಗ್ಗುತ್ತೆ. ಬೆಂಗಳೂರಿಗೆ ಕಳಿಸೋದಿದ್ದರೆ ಲೈಸೇಟ್ ಬೇಡ, ಟ್ಯೂಬಿನ ತಳಕ್ಕೆ ಕೂರಿಸಿ ಹೆಪ್ಪುಗಟ್ಟಿಸಿದ ಕೋಶದ ಮುದ್ದೆಯನ್ನೇ, ಅಂದ್ರೆ ಪೆಲೆಟ್ಟನ್ನೇ, ಡ್ರೈ ಐಸ್‌ನಲ್ಲಿ ಕಳಿಸಿ. ಥರ್ಮಾಕೋಲ್ ಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪ್ ಸುತ್ತಬೇಡಿ, ಡ್ರೈ ಐಸ್‌ನಿಂದ ಬರೋ ಅನಿಲ ಹೊರಹೋಗೋಕೆ ದಾರಿ ಇಲ್ಲದಿದ್ದರೆ ಪೆಟ್ಟಿಗೆ ಸಿಡಿಯುತ್ತೆ.

[ತೆರೆಯಲ್ಲಿ: ಜೆಲ್‌ನ ತಳಭಾಗ, 36ರ ಬ್ಯಾಂಡ್ ಮೇಲೆ ಬಾಣ.]

ಇನ್ನು ಆ ಖಾಲಿ ಲೇನ್. ಮೊದಲು ತಳ ನೋಡಿ. ಟ್ರ್ಯಾಪ್ ಕಿಟ್‌ನಲ್ಲಿ 36 ಅಕ್ಷರದ ಒಂದು ಒಳಗಿನ ಕಂಟ್ರೋಲ್ ಇರುತ್ತೆ, ಅದು ಟಿಎಸ್ ಪ್ರೈಮರನ್ನೇ ಬಳಸಿ ಬೆಳೆಯುತ್ತೆ. ಏಣಿ ಇಲ್ಲ ಆದರೆ 36 ಇದೆ ಅಂದ್ರೆ ಪಿಸಿಆರ್ ನಡೆದಿದೆ. ಏಣಿಯೂ ಇಲ್ಲ, 36ಕ್ಕೂ ಪತ್ತೆ ಇಲ್ಲ ಅಂದ್ರೆ ಪಿಸಿಆರೇ ನಡೆದಿಲ್ಲ, ಟೆಲೋಮರೇಸ್ ಬಗ್ಗೆ ಆ ಲೇನ್ ಏನೂ ಹೇಳಿಲ್ಲ. ಏಣಿ ಗಟ್ಟಿಯಾಗಿದ್ದು 36 ಮಾತ್ರ ಮಂಕಾಗಿದ್ದರೆ ಗಾಬರಿ ಬೇಡ, ಪ್ರೈಮರನ್ನು ಏಣಿಯೇ ಕಬಳಿಸಿದೆ. ಜೆಲ್ ಹೆಚ್ಚು ಹೊತ್ತು ಓಡಿಸಿದರೂ ಈ ಸಣ್ಣ ಬ್ಯಾಂಡ್ ತಳದಿಂದ ಜಾರಿಹೋಗುತ್ತೆ, ಅದನ್ನೂ ನೋಡಿಕೊಳ್ಳಿ.

ಪಿಸಿಆರ್ ತಡೆಯೋದು ಯಾವುದು? ಕೋಶದ ರಸವೇ ಹೆಚ್ಚಾದರೆ ಟ್ಯಾಕ್ ನಿಂತುಬಿಡುತ್ತೆ. 1,000 ಕೋಶದ ಲೇನ್ ಖಾಲಿ, 100 ಕೋಶದ್ದರಲ್ಲಿ ಏಣಿ! ಮೊದಲ ಸಲ ನೋಡಿದವರಿಗೆ ತಲೆಕೆಳಗಾದ ಹಾಗೆ ಕಾಣುತ್ತೆ, ಆದರೆ ತೆಳುವಾದಾಗ ತಡೆಯೋ ವಸ್ತುವೂ ತೆಳುವಾಯಿತು ಅಷ್ಟೇ. ಮೆಸೆಂಕೈಮಲ್ ಕೋಶದವರಿಗೆ ಇನ್ನೊಂದು ಅಪಾಯ: ರಕ್ತದ ಪ್ಲೇಟ್‌ಲೆಟ್ ಒಡೆದ ರಸ (ಪ್ಲೇಟ್‌ಲೆಟ್ ಲೈಸೇಟ್) ಹಾಕಿದ, ಕೋಶ ಬೆಳೆಸೋ ಮೀಡಿಯಾ ಗಟ್ಟಿಯಾಗದಿರಲಿ ಅಂತ ಹೆಪಾರಿನ್ ಸೇರಿಸಿರ್ತಾರೆ. ಹೆಪಾರಿನ್ ಪಿಸಿಆರ್‌ನ ಶತ್ರು. ಎರಡು ಸಲ ತೊಳೆಯಿರಿ ಅಂದದ್ದು ಅದಕ್ಕೇ.

ಪ್ರತಿ ಸ್ಯಾಂಪಲ್ಲಿನ ಒಂದು ಪಾಲನ್ನು 85 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ಪಕ್ಕದ ಲೇನಿಗೆ ಹಾಕಿ. ಎಂಜೈಮ್ ಸತ್ತ ಮೇಲೂ ಏಣಿ ಬಂದರೆ ಹಳೆಯ ಪಿಸಿಆರ್ ಉತ್ಪನ್ನ ಟ್ಯೂಬಿಗೆ ಸೇರಿದೆ, ಇಲ್ಲಾ ಪ್ರೈಮರುಗಳೇ ಒಂದಕ್ಕೊಂದು ಅಂಟಿವೆ ಅಂತ ಅರ್ಥ. ಜೆಲ್ ಓಡಿಸೋ ಕೋಣೆ, ಮಿಶ್ರಣ ಮಾಡೋ ಮೇಜು, ಪಿಪೆಟ್ಟು, ಮೂರೂ ಬೇರೆಬೇರೆ ಇರಬೇಕು.

ಸಮಯ ಓಡ್ತಿದೆ, ಉಳಿದದ್ದು ಚುರುಕಾಗಿ. ಭ್ರೂಣದ ಸ್ಟೆಮ್ ಸೆಲ್ ಮತ್ತು ಐಪಿಎಸ್ ಕೋಶಗಳಲ್ಲಿ (ಬೆಳೆದ ಕೋಶವನ್ನು ಲ್ಯಾಬಿನಲ್ಲಿ ಮತ್ತೆ ಸ್ಟೆಮ್ ಸೆಲ್ ಮಾಡಿದ್ದು) ಏಣಿ ಜೋರಾಗಿ ಬರಲೇಬೇಕು. ಆದರೆ ಆಸರೆಗೆ ಹಾಕೋ ಇಲಿಯ ಫೀಡರ್ ಕೋಶಗಳ ಮೇಲೆ ಬೆಳೆಸಿದ್ದರೆ ಅವುಗಳ ಎಂಜೈಮೂ ಲೆಕ್ಕಕ್ಕೆ ಸೇರುತ್ತೆ, ಫೀಡರ್ ಇಲ್ಲದೆ ಬೆಳೆಸಿ. ರಕ್ತದ ಸ್ಟೆಮ್ ಸೆಲ್‌ನಲ್ಲಿ ಕಡಿಮೆ, ಪ್ರಚೋದಿಸಿದಾಗ ಏರುತ್ತೆ. ಟರ್ಟ್ ಆರ್‌ಎನ್‌ಎ ಅಳೆದು "ಟೆಲೋಮರೇಸ್ ಇದೆ" ಅನ್ನೋದು ಸರಿಯಲ್ಲ, ಕತ್ತರಿಸಿ ಬೇರೆಬೇರೆ ಬಗೆಯಲ್ಲಿ ಜೋಡಿಸಿದ ಅದರ ಎಷ್ಟೋ ಸ್ಪ್ಲೈಸ್ ರೂಪಗಳು ಕೆಲಸ ಮಾಡುವ ಎಂಜೈಮ್ ಕೊಡೋದೇ ಇಲ್ಲ. ನಿಖರ ಸಂಖ್ಯೆ ಬೇಕಾದವರಿಗೆ, ಸ್ಯಾಂಪಲ್ಲನ್ನು ಸಾವಿರಾರು ಹನಿಗಳಾಗಿ ಒಡೆದು ಎಣಿಸೋ ಡ್ರಾಪ್ಲೆಟ್ ಡಿಜಿಟಲ್ ಪಿಸಿಆರ್ ಇದೆ.

ಮೆಸೆಂಕೈಮಲ್ ಕೋಶಗಳಲ್ಲಿ? ಸಾಮಾನ್ಯವಾಗಿ ಈ ಪರೀಕ್ಷೆಗೆ ಸಿಗದಷ್ಟು ಕಡಿಮೆ. ಅಂದ್ರೆ ಆ ಹುಡುಗಿಯ ಲೇನಿನಲ್ಲಿ ಏಣಿ ಇಲ್ಲದಿರೋದು ಸಹಜವೇ ಇರಬಹುದು. ಆ ಕೋಶಗಳಲ್ಲಿ ಜೋರು ಏಣಿ ಬಂದರೇ ನಾವು ಹೆಚ್ಚು ಯೋಚಿಸಬೇಕು: ಬೇರೆ ಕೋಶ ಬೆರೆತಿದೆಯಾ, ಕ್ಯಾನ್ಸರಿನ ಕಡೆ ತಿರುಗಿವೆಯಾ ಅಂತ ಎಸ್‌ಟಿಆರ್ ಪ್ರೊಫೈಲ್ (ಕೋಶ ಯಾರದ್ದು ಅಂತ ಗುರುತಿಸೋ ಡಿಎನ್‌ಎ ಪರೀಕ್ಷೆ), ಕ್ರೋಮೋಸೋಮ್ ಪರೀಕ್ಷೆ ಮಾಡಿಸಬೇಕು.

ಹಾಗಾಗಿ ನೀವು ಈಗ ಮಾಡಬೇಕಾದ್ದು ಇಷ್ಟಮ್ಮ. ಅದೇ ಲೈಸೇಟನ್ನು 1,000, 500, 100 ಕೋಶದ ಲೆಕ್ಕದಲ್ಲಿ ಮತ್ತೆ ಹಾಕಿ. ಪಕ್ಕದ ಒಂದು ಲೇನಿನಲ್ಲಿ, ಟೆಲೋಮರೇಸ್ ಚೆನ್ನಾಗಿರೋ 293ಟಿ ಅನ್ನೋ ಲ್ಯಾಬ್ ಕೋಶದ ಲೈಸೇಟ್ ಮಾತ್ರ ಹಾಕಿ. ಇನ್ನೊಂದು ಲೇನಿನಲ್ಲಿ ನಿಮ್ಮ 1,000 ಕೋಶದ ರಸಕ್ಕೆ, ಆ ಲೇನಿಗೆ ಹಾಕಿದಷ್ಟೇ 293ಟಿ ಲೈಸೇಟ್ ಬೆರೆಸಿ. ಬೆರೆಸಿದ ಲೇನಿನಲ್ಲಿ ಏಣಿ ಕುಗ್ಗದೆ ಬಂದು, ನಿಮ್ಮ ಮೂರೂ ಲೇನುಗಳಲ್ಲಿ ಬರೀ 36 ಮಾತ್ರ ಹೊಳೆದರೆ, "ಪತ್ತೆಯಾಗುವ ಮಟ್ಟದಲ್ಲಿ ಟೆಲೋಮರೇಸ್ ಇಲ್ಲ" ಅಂತ ಧೈರ್ಯವಾಗಿ ಥೀಸಿಸ್‌ನಲ್ಲಿ ಬರೆಯಿರಿ. ಬೆರೆಸಿದ್ದರಲ್ಲೂ ಏಣಿ ಮಾಯವಾದರೆ ಹೊಸ ಪೆಲೆಟ್ ತೆಗೆದು, ತೊಳೆಯೋದರಿಂದ ಮತ್ತೆ ಶುರು ಮಾಡಿ.