ಎರಡು ಸಣ್ಣ ಪೈಪ್ ಬೇಡ, ಹಳ್ಳಕ್ಕೆ ಒಂದು ಅಗಲ ಬಾಯಿ ಕೊಡಿ

ನಮಸ್ಕಾರ. ಇವತ್ತು ಮೋರಿ ಬಗ್ಗೆ ಮಾತಾಡೋಣ. ಊರೊಳಗಿನ ಚರಂಡಿ ಮೋರಿ ಅಲ್ಲ, ರಸ್ತೆ ಅಡಿಯಿಂದ ಹಳ್ಳದ ನೀರು ದಾಟಿಸುವ ಮೋರಿ. ಸಿಡಿ ಅಂತಾರಲ್ಲ, ಅದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆ, ಚಿತ್ರದುರ್ಗದ ಎರೆಭೂಮಿಯಲ್ಲಿ ಹಳ್ಳ ದಾಟುವ ಕಡೆ ಎರಡು ಸಣ್ಣ ಹ್ಯೂಮ್ ಪೈಪ್, ಅಂದರೆ ದುಂಡನೆಯ ಸಿಮೆಂಟ್ ಪೈಪ್ ಇಟ್ಟು ಮಣ್ಣು ಮುಚ್ಚುವುದನ್ನು ನಿಲ್ಲಿಸಬೇಕು. ಅಲ್ಲಿಗೆ ಬೇಕಾದ್ದು ಬಾಕ್ಸ್ ಮೋರಿ, ಅಂದರೆ ತಳ, ಎರಡು ಗೋಡೆ, ಮೇಲಿನ ಸ್ಲ್ಯಾಬ್ ಎಲ್ಲ ಸೇರಿದ ಚೌಕಾಕಾರದ ಕಾಂಕ್ರೀಟ್ ಮೋರಿ.

ಈ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. "ಅಣ್ಣಾ, ನಮ್ಮ ಕಡೆ ಮಳೆನೇ ಇಲ್ಲ, ಅಷ್ಟು ದೊಡ್ಡ ಮೋರಿ ಯಾಕೆ?" ನಿಜ, ಚಳ್ಳಕೆರೆ ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಆದರೆ ಮೋರಿಗೆ ವರ್ಷದ ಮಳೆ ಲೆಕ್ಕ ಬೇಕಿಲ್ಲ. ಒಂದು ಗಂಟೆಯಲ್ಲಿ ಎಷ್ಟು ಸುರಿಯಿತು ಅನ್ನುವುದಷ್ಟೇ ಮುಖ್ಯ. ನಮ್ಮ ಸೀಮೆಯ ಮಳೆ ತಿಂಗಳುಗಟ್ಟಲೆ ಕೈ ಕೊಟ್ಟು, ಆಮೇಲೆ ಒಂದೇ ರಾತ್ರಿ ಬಂದು ಸುರಿದು ಹೋಗುತ್ತದೆ. 1933 ರ ನಂತರ ಕೋಡಿಯನ್ನೇ ಕಾಣದಿದ್ದ ವಾಣಿವಿಲಾಸ ಸಾಗರ 2022 ರಲ್ಲಿ ಕೋಡಿ ಬಿತ್ತು. ಬರದ ನಾಡು ಅಂತ ಸಣ್ಣ ಮೋರಿ ಕಟ್ಟಿದರೆ ಅಂಥ ವರ್ಷ ಏನಾಗಬೇಕು?

ಒಂದು ಲೆಕ್ಕ ಹಾಕೋಣ, ಕಷ್ಟದ್ದಲ್ಲ. ನಿಮ್ಮ ಹಳ್ಳಕ್ಕೆ 125 ಎಕರೆ ಹೊಲದ ನೀರು ಬರುತ್ತದೆ ಅಂದುಕೊಳ್ಳಿ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಿತ್ತು. ಅರ್ಧ ನೆಲ ಕುಡಿಯಿತು, ಅರ್ಧ ಹರಿಯಿತು. ಆಗ ಮೋರಿ ಬಾಯಿಗೆ ಸೆಕೆಂಡಿಗೆ ಸುಮಾರು 3,500 ಲೀಟರ್ ಬರುತ್ತದೆ. ಎರಡಡಿಯ ಎರಡು ಪೈಪ್ ಇದ್ದರೆ, ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡಿದರೂ ದಾಟುವುದು 1,100 ಲೀಟರ್ ಚಿಲ್ಲರೆ. ಮೂರನೇ ಒಂದು ಭಾಗ! ಉಳಿದದ್ದು ಮೇಲುಗಡೆಯ ಹೊಲದಲ್ಲಿ ನಿಲ್ಲುತ್ತದೆ, ಆಮೇಲೆ ರಸ್ತೆ ಹತ್ತಿ ದಾಟುತ್ತದೆ. ದಾಟುವಾಗ ಆಚೆ ಬದಿಯ ಮಣ್ಣು ಕೊಚ್ಚಿಕೊಂಡೇ ಹೋಗುತ್ತದೆ. ಅದೇ ಜಾಗದಲ್ಲಿ 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಬಾಕ್ಸ್ ಇದ್ದರೆ ಈ ನೀರು ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ ಸಲೀಸಾಗಿ ಹೋಗುತ್ತದೆ.

ಇನ್ನೊಂದು ವಿಷಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಎರಡಡಿಯ ಎರಡು ಪೈಪಿಗಿಂತ ಮೂರಡಿಯ ಒಂದೇ ಪೈಪಿನ ಬಾಯಿ ದೊಡ್ಡದು. ಹಾಗಾಗಿ "ಒಂದು ಸಾಲಲ್ಲ, ಎರಡು ಹಾಕಿಸಿಕೊಡುತ್ತೇವೆ" ಅಂದರೆ ಸುಮ್ನೆ ಖುಷಿಪಡಬೇಡಿ. ಅಳತೆ ಕೇಳಿ.

ಸರಿ, ಹಾಗಾದರೆ ದೊಡ್ಡ ಪೈಪನ್ನೇ ಹಾಕೋಣ ಅಂದರೆ ಎತ್ತರದ ಸಮಸ್ಯೆ ಬರುತ್ತದೆ. ಪೈಪ್ ಮೇಲೆ ಕನಿಷ್ಠ 600 ಮಿಲಿಮೀಟರ್, ಅಂದರೆ ಎರಡಡಿ ಮಣ್ಣು ಇರಬೇಕು. ಇಲ್ಲದಿದ್ದರೆ ಟಿಪ್ಪರ್ ಭಾರ ನೇರವಾಗಿ ಪೈಪಿನ ಮೇಲೆ ಬೀಳುತ್ತದೆ. 1,000 ಮಿಲಿಮೀಟರ್ ಪೈಪು, ಅದರ ಗೋಡೆ ದಪ್ಪ, ಮೇಲಿನ ಮಣ್ಣು ಎಲ್ಲ ಸೇರಿದರೆ ಹಳ್ಳದ ತಳದಿಂದ ರಸ್ತೆಗೆ ಹತ್ತಿರ ಹತ್ತಿರ ಐದೂವರೆ ಅಡಿ ಎತ್ತರ ಬೇಕು. ನಮ್ಮ ಹೊಲದ ರಸ್ತೆಗಳು ಅಷ್ಟು ಎತ್ತರ ಎಲ್ಲಿವೆ? ಆಗ ಕೆಲವು ಕಡೆ ಮಣ್ಣು ಕಮ್ಮಿ ಹಾಕುತ್ತಾರೆ, ಪೈಪ್ ಬಿರುಕು ಬಿಡುತ್ತದೆ. ಇನ್ನು ಕೆಲವು ಕಡೆ ಹಳ್ಳದ ತಳಕ್ಕಿಂತ ಕೆಳಗೆ ಅಗೆದು ಪೈಪ್ ಹೂಳುತ್ತಾರೆ. ಅದಂತೂ ಇನ್ನೂ ಕೆಟ್ಟದ್ದು. ಮೊದಲ ಮಳೆಗೇ ಅರ್ಧ ಪೈಪ್ ಹೂಳು ತುಂಬಿರುತ್ತದೆ, ಹೊರಗೆ ಹೋಗಲು ಇಳಿಜಾರೇ ಇರುವುದಿಲ್ಲ.

ಬಾಕ್ಸಿಗೆ ಈ ಕಷ್ಟ ಇಲ್ಲ. ಹಾಗೆಂದೇ ಡಿಸೈನ್ ಮಾಡಿದ್ದರೆ ಅದರ ಮೇಲಿನ ಸ್ಲ್ಯಾಬ್ ಮೇಲೇ ಚಕ್ರ ಓಡಬಹುದು. ಎತ್ತರ ಕಮ್ಮಿ ಮಾಡಿ ಅಗಲ ಜಾಸ್ತಿ ಮಾಡಲೂ ಬಹುದು. 3 ಮೀಟರ್ ಅಗಲ, 1 ಮೀಟರ್ ಎತ್ತರ ಇಟ್ಟರೂ ಮೊದಲು ಹೇಳಿದ ಬಾಕ್ಸಿನಷ್ಟೇ ಬಾಯಿ ಸಿಗುತ್ತದೆ.

ಈಗ ಮಣ್ಣಿಗೆ ಬನ್ನಿ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಪೈಪುಗಳು ಸಾಮಾನ್ಯವಾಗಿ ಎರಡೂವರೆ ಮೀಟರ್ ಉದ್ದದ ತುಂಡುಗಳು. ಅಡಿಗೆ ಸರಿಯಾದ ಬೆಡ್ ಹಾಕದಿದ್ದರೆ ಒಂದು ತುಂಡು ಕೂರುತ್ತದೆ, ಪಕ್ಕದ್ದು ಏಳುತ್ತದೆ, ಜಾಯಿಂಟ್ ಬಿಡುತ್ತದೆ. ಅಲ್ಲಿಂದ ಸೋರುವ ನೀರು ಒಳಗಿಂದೊಳಗೇ ಮಣ್ಣು ಕರಗಿಸುತ್ತದೆ. ಮೇಲೆ ಡಾಂಬರು ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಂದು ದಿನ ಟ್ರ್ಯಾಕ್ಟರ್ ಚಕ್ರ ಒಳಗೆ ಇಳಿಯುತ್ತದೆ. ಬಾಕ್ಸಿಗೆ ಅಡಿಯಲ್ಲೂ ಸ್ಲ್ಯಾಬ್ ಇರುತ್ತದೆ. ಭಾರ ಇಡೀ ತಳಕ್ಕೆ ಹಂಚಿ ಹೋಗುತ್ತದೆ. ಮೆತ್ತನೆ ನೆಲಕ್ಕೆ ಅದಕ್ಕೇ ಅದನ್ನು ಹೇಳುವುದು.

ಕಸದ ಮಾತು ಬಿಡುವ ಹಾಗಿಲ್ಲ. ದಾವಣಗೆರೆ ಜಿಲ್ಲೆ ಅಂದರೆ ಮೆಕ್ಕೆಜೋಳ, ಅಲ್ವಾ? ದಂಟು, ಜಾಲಿ ಮುಳ್ಳು, ಪ್ಲಾಸ್ಟಿಕ್ ಎಲ್ಲ ಸೇರಿ ಬಂದು ಎರಡು ಪೈಪಿನ ನಡುವಿನ ಗೋಡೆಗೆ ಸಿಕ್ಕಿಕೊಳ್ಳುತ್ತವೆ. ಎರಡಡಿ ಪೈಪಿನೊಳಗೆ ಯಾರು ಇಳಿದು ಕ್ಲೀನ್ ಮಾಡಬೇಕು? ಯಾರನ್ನೂ ಇಳಿಸಬಾರದು ಅನ್ನುವುದೇ ನನ್ನ ಗಟ್ಟಿ ಮಾತು. ಅಗಲವಾದ ಬಾಕ್ಸಾದರೆ ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಹೂಳು ತೆಗೆಯುವುದು ಸುಲಭ.

ಪೈಪ್ ಎಲ್ಲೂ ಬೇಡ ಅಂತ ಅಲ್ಲ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಹೊಲಗಾಲುವೆ ದಾಟಿಸಲು ಪೈಪ್ ಚೆನ್ನಾಗಿಯೇ ನಡೆಯುತ್ತದೆ. ಅಲ್ಲಿ ಬರುವ ನೀರು ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಚಿತ್ರದುರ್ಗದ ಕಲ್ಲು ನೆಲ, ಗಟ್ಟಿ ಗರಸು ಇರುವ ಕಡೆ ಎರಡು ಸೈಜುಗಲ್ಲಿನ ಗೋಡೆ ಕಟ್ಟಿ ಸ್ಲ್ಯಾಬ್ ಹಾಕಿದರೆ ಸಾಕು, ತಳಕ್ಕೆ ಬಂಡೆಯೇ ಇದೆ.

ದುಡ್ಡು? ಬಾಕ್ಸಿಗೆ ಕಬ್ಬಿಣ, ಕಾಂಕ್ರೀಟ್ ಜಾಸ್ತಿ, ಖರ್ಚೂ ಜಾಸ್ತಿ. ಒಪ್ಪುತ್ತೇನೆ. ಆದರೆ ಕೊಚ್ಚಿಹೋದ ರಸ್ತೆ ಮತ್ತೆ ಹಾಕಿಸುವ ಖರ್ಚು, ನೀರು ನಿಂತು ಕೊಳೆತ ಬೆಳೆ, ರಸ್ತೆ ಇಲ್ಲದೆ ಊರಲ್ಲೇ ಉಳಿದ ಬಾಣಂತಿ, ಇವು ಯಾವ ಎಸ್ಟಿಮೇಟಿನಲ್ಲೂ ಬರುವುದಿಲ್ಲ. ತುಂಬಾ ದಿನ ರಸ್ತೆ ಬಂದ್ ಮಾಡಬೇಕು ಅನ್ನುವ ಚಿಂತೆ ಇದ್ದರೆ, ಫ್ಯಾಕ್ಟರಿಯಲ್ಲೇ ಎರಕ ಹೊಯ್ದ ರೆಡಿಮೇಡ್ ಬಾಕ್ಸುಗಳಿವೆ. ಕ್ರೇನ್ ಬರಲು ದಾರಿ ಇದ್ದರೆ, ತಳ ಮಟ್ಟಸವಾಗಿದ್ದರೆ ಕೆಲಸ ಬೇಗ ಮುಗಿಯುತ್ತದೆ.

ಗ್ರಾಮಸಭೆಯಲ್ಲಿ ರಸ್ತೆ ಕೆಲಸದ ಮಾತು ಬಂದಾಗ ಎದ್ದು ನಿಂತು ಕೇಳಿ: ಈ ಹಳ್ಳಕ್ಕೆ ಎಷ್ಟು ಎಕರೆ ನೀರು ಬರುತ್ತದೆ, ಮೋರಿ ತಳ ಹಳ್ಳದ ತಳಕ್ಕೆ ಸಮ ಇದೆಯಾ? ಊರಿನ ಹಿರಿಯರನ್ನು ಎಂಜಿನಿಯರ್ ಜೊತೆ ಹಳ್ಳಕ್ಕೆ ಕರೆದುಕೊಂಡು ಹೋಗಿ. ದೊಡ್ಡ ಮಳೆಯಲ್ಲಿ ನೀರು ಯಾವ ಮರದವರೆಗೆ ಬಂದಿತ್ತು ಅಂತ ಅವರು ತೋರಿಸುತ್ತಾರೆ, ಅದನ್ನು ಅಳತೆ ಮಾಡಿಸಿ ಬರೆಸಿ. ಹಾಗೆಯೇ ಮೋರಿಯ ಹೊರಬಾಯಿಗೆ ಕಲ್ಲು ಹಾಸಿಸುವುದನ್ನು ಎಸ್ಟಿಮೇಟಿನಲ್ಲಿ ಸೇರಿಸಿದ್ದಾರಾ ನೋಡಿ. ಅದಿಲ್ಲದಿದ್ದರೆ ಬಾಕ್ಸ್ ಎಷ್ಟೇ ಗಟ್ಟಿ ಇರಲಿ, ರಭಸದ ನೀರು ಹೊರಗೆ ಬಿದ್ದ ಜಾಗದಿಂದಲೇ ತಳ ಕೊರೆಯಲು ಶುರು ಮಾಡುತ್ತದೆ.